ಪ್ಲಾನ್ ಸ್ಯಾಂಕ್ಷನ್ ಆಗಿದೆ, ಆದರೂ ಲೇಔಟ್ ಸಂಘದವರು ಲಾರಿ ಒಳಗೆ ಬಿಡುತ್ತಿಲ್ಲ. ಅವರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ನಿಜಕ್ಕೂ ಬೇಕಾ?

ಮೂವತ್ತು_ನಲವತ್ತು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಕನಕಪುರ ರಸ್ತೆ ಕಡೆ ಒಂದು ಲೇಔಟಿನಲ್ಲಿ ಅಪ್ಪ 2009ರಲ್ಲಿ 30×40 ಸೈಟ್ ತಗೊಂಡಿದ್ದರು. ಅವರು ಇದ್ದಾಗ ಮನೆ ಕಟ್ಟುವ ಕಾಲ ಕೂಡಿ ಬರಲಿಲ್ಲ. ಈಗ ಸೈಟ್ ಅಮ್ಮನ ಹೆಸರಿನಲ್ಲಿದೆ. ಇ-ಖಾತೆ ಆಗಿದೆ, ತೆರಿಗೆ ಬಾಕಿ ಇಲ್ಲ, ಪಾಲಿಕೆಯ ಆನ್‌ಲೈನ್ ಪ್ಲಾನ್ ಮಂಜೂರಾತಿ ವ್ಯವಸ್ಥೆ ನಂಬಿಕೆ ನಕ್ಷೆಯಲ್ಲಿ ಪ್ಲಾನ್ ಸಿಕ್ಕಿದೆ, ಗ್ರೌಂಡ್ ಮತ್ತು ಮೇಲೆ ಎರಡು ಅಂತಸ್ತು. ಬ್ಯಾಂಕ್ ಲೋನ್ ಕೂಡ ಮಂಜೂರಾಗಿದೆ. ಗುದ್ದಲಿ ಪೂಜೆ ಮಾಡಿಸಿ ಎರಡು ವಾರ ಆಯಿತು.

ಹೋದ ಸೋಮವಾರ ಮೊದಲ ಲೋಡ್ ಜಲ್ಲಿ ಬಂತು. ಗೇಟಿನಲ್ಲಿ ಸೆಕ್ಯುರಿಟಿಯವರು ಅಡ್ಡಗಂಬಿ ಇಳಿಸಿ ನಿಂತರು. "ಕಮಿಟಿಯವರ ಲೆಟರ್ ಇಲ್ದೆ ಬಿಡಬೇಡ ಅಂದಿದಾರೆ ಮೇಡಂ, ಬಿಟ್ರೆ ನನ್ನ ಕೆಲಸ ಹೋಗುತ್ತೆ" ಅಂತ ಕೈ ಮುಗಿದರು. ಪಾಪ, ಅವರದೇನು ತಪ್ಪು? ಮುಕ್ಕಾಲು ಗಂಟೆ ಕಾದೆವು. ಡ್ರೈವರ್‌ಗೆ ಇನ್ನೊಂದು ಲೋಡ್ ಇತ್ತು, ಕೊನೆಗೆ ಗೇಟಿನ ಹೊರಗೇ ರಸ್ತೆ ಪಕ್ಕ ಸುರಿದು ಹೋದ. ಅಮ್ಮ ಛತ್ರಿ ಹಿಡಿದು ಆ ಜಲ್ಲಿ ಗುಡ್ಡೆ ಕಾಯುತ್ತಾ ನಿಂತಿದ್ದನ್ನು ನೋಡಿ ನನಗೆ ಅಳುವೇ ಬಂತು.

ಸಂಜೆ ಸಂಘದ ಆಫೀಸಿಗೆ ಹೋದೆ. ಒಂದು ಟೈಪ್ ಮಾಡಿದ ಹಾಳೆ ಕೊಟ್ಟರು. ಒಂದೂವರೆ ಲಕ್ಷ ರೂಪಾಯಿ "ಅಭಿವೃದ್ಧಿ ಶುಲ್ಕ", ವಾಪಸ್ ಕೊಡುವುದಿಲ್ಲ. ಪ್ಲಾನ್ ಅನ್ನು ಕಮಿಟಿ ನೋಡಿ ಒಪ್ಪಬೇಕು, ಎಲಿವೇಶನ್ ಬಣ್ಣದ ಸಮೇತ ತೋರಿಸಬೇಕು, ಎರಡನೇ ಅಂತಸ್ತು ಕಟ್ಟುವಂತಿಲ್ಲ. ಇದರ ಮೇಲೆ 2009ರಿಂದ ಇಲ್ಲಿಯವರೆಗಿನ ಮೇಂಟೆನೆನ್ಸ್ ಬಡ್ಡಿ ಸಮೇತ ಕಟ್ಟಬೇಕು. ಯಾವ ನಿಯಮದ ಪ್ರಕಾರ ಅಂತ ಕೇಳಿದೆ. "ಇಲ್ಲಿ ಎಲ್ಲರೂ ಕೊಟ್ಟಿದ್ದಾರೆ" ಅಂದರು, ಅಷ್ಟೇ.

ಪಾಲಿಕೆ ಒಪ್ಪಿಗೆ ಕೊಟ್ಟ ಮೇಲೂ ಇವರ ಒಪ್ಪಿಗೆ ಬೇರೆ ಬೇಕಾ? ನಾಳೆ ಅದೇ ಬೀದಿಯಲ್ಲಿ ಬದುಕಬೇಕಾದವರು ನಾವು, ಜಗಳ ಬೇಡ. ಆದರೆ ಒಂದೂವರೆ ಲಕ್ಷ ನಮಗೆ ಸಣ್ಣ ಮೊತ್ತ ಅಲ್ಲ, ಇಡೀ ಮನೆಯ ಕಿಟಕಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಅದು. ಗೊತ್ತಿರುವವರು ದಾರಿ ಹೇಳಿ.

ಹಳೇ_ಕಾರ್ಯದರ್ಶಿ

ಮೇಡಂ, ನಾನು ಬೇರೆ ಲೇಔಟಿನ ಸಂಘದಲ್ಲಿ ಆರು ವರ್ಷ ಕಾರ್ಯದರ್ಶಿ ಆಗಿದ್ದವನು. ಅದಕ್ಕೆ ಎರಡೂ ಕಡೆಯ ಮಾತು ಹೇಳುತ್ತೇನೆ.

ಮನೆಯ ಪ್ಲಾನಿಗೆ ಅನುಮತಿ ಕೊಡುವ ಅಧಿಕಾರ ನಿವಾಸಿಗಳ ಸಂಘಕ್ಕೆ ಇಲ್ಲ. ಅದು ಪಾಲಿಕೆಯ ಕೆಲಸ, ಪಾಲಿಕೆ ಗಡಿಯ ಹೊರಗಾದರೆ ಪಂಚಾಯಿತಿ ಮತ್ತು ಯೋಜನಾ ಪ್ರಾಧಿಕಾರದ ಲೆಕ್ಕ. ನೀವು ನಂಬಿಕೆ ನಕ್ಷೆಗೆ ಅರ್ಜಿ ಹಾಕಿದಾಗ ಯಾರಾದರೂ ಸಂಘದ ಎನ್‌ಒಸಿ ಕೇಳಿದರಾ? ಇಲ್ಲ ಅಲ್ವಾ. ಲೇಔಟ್ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಣಿ ಆಗಿರುತ್ತವೆ. ಏಳು ಜನ ಸೇರಿದರೆ ಅಂಥ ಸಂಘ ಕಟ್ಟಬಹುದು. ದೀಪ, ಕಸ, ಕಾವಲು, ಪಾರ್ಕು ನೋಡಿಕೊಳ್ಳುವುದಕ್ಕೆ ಅದು ಒಳ್ಳೆಯದೇ. ಆದರೆ ನೀವು ಎಷ್ಟು ಅಂತಸ್ತು ಕಟ್ಟಬೇಕು ಅಂತ ಹೇಳುವುದಕ್ಕೆ ಆ ನೋಂದಣಿ ಪತ್ರ ಸಾಲದು.

ಈಗ ಇನ್ನೊಂದು ಕಡೆ. ನಮ್ಮಲ್ಲಿ ಒಬ್ಬರು ಮೋಲ್ಡ್ ಹಾಕಿಸುವ ದಿನ ರಾತ್ರಿ ರೆಡಿಮಿಕ್ಸ್ ಲಾರಿ ತರಿಸಿದರು. 6 ಕ್ಯೂಬಿಕ್ ಮೀಟರ್ ಕಾಂಕ್ರೀಟ್ ಅಂದರೆ ಅದೇ 14 ಟನ್ ದಾಟುತ್ತದೆ, ಲಾರಿಯ ತೂಕ ಬೇರೆ. ತಿರುವಿನಲ್ಲಿ ಹಿಂದಿನ ಚಕ್ರ ಮ್ಯಾನ್‌ಹೋಲ್ ಮೇಲೆ ಹತ್ತಿತು, ಮುಚ್ಚಳ ಒಡೆದು ಒಳಗೆ ಬಿತ್ತು. ಎದುರಿಗೆ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇದ್ದ ಮನೆ. ಒಂಬತ್ತು ದಿನ ಅವರ ಗೇಟಿನ ಮುಂದೆ ಒಳಚರಂಡಿ ನೀರು ನಿಂತಿತ್ತು. ಮಾಲೀಕರು ಕಂಟ್ರಾಕ್ಟರ್ ಕೇಳಿ ಅಂದರು, ಕಂಟ್ರಾಕ್ಟರ್ ಲಾರಿಯವರನ್ನು ಕೇಳಿ ಅಂದರು. ಕೊನೆಗೆ ರಿಪೇರಿಗೆ ಸಂಘದ ದುಡ್ಡೇ ಹೋಯಿತು. ಆಮೇಲೆ ನಾವು ಸರ್ವಸದಸ್ಯರ ಸಭೆ ಕರೆದು, ಕಟ್ಟಡ ಕೆಲಸಕ್ಕೆ 25,000 ರೂಪಾಯಿ ಡೆಪಾಸಿಟ್ ಅಂತ ಮಾಡಿದೆವು. ಕೆಲಸ ಮುಗಿದು ರಸ್ತೆ ಸರಿ ಇದ್ದರೆ ಪೂರ್ತಿ ವಾಪಸ್.

ಡೆಪಾಸಿಟ್‌ಗೂ ವಾಪಸ್ ಬರದ "ಅಭಿವೃದ್ಧಿ ಶುಲ್ಕ"ಕ್ಕೂ ತುಂಬಾ ವ್ಯತ್ಯಾಸ ಇದೆ. ನೀವು ಬೈಲಾ (ಸಂಘದ ನಿಯಮಾವಳಿ) ಪ್ರತಿ ಮತ್ತು ಆ ಶುಲ್ಕ ಒಪ್ಪಿದ ಸಭೆಯ ನಡಾವಳಿ ಕೇಳಿ, ಬಾಯಲ್ಲಲ್ಲ, ಪತ್ರದಲ್ಲಿ. ಅವರು ಕೊಡದಿದ್ದರೆ ನೋಂದಾಯಿತ ಬೈಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ ಇರುತ್ತದೆ, ಅಲ್ಲಿ ದೃಢೀಕೃತ ಪ್ರತಿ ತಗೊಳ್ಳಬಹುದು. ಮೇಂಟೆನೆನ್ಸ್ ಮಾತ್ರ ಪೂರ್ತಿ ತಳ್ಳಿಹಾಕಬೇಡಿ ಮೇಡಂ. ಇಷ್ಟು ವರ್ಷ ಖಾಲಿ ಸೈಟಿನ ಮುಂದಿನ ಬೀದಿ ದೀಪ, ಕಾವಲುಗಾರನ ಸಂಬಳ ಯಾರೋ ಕೊಟ್ಟಿದ್ದಾರೆ, ಅದು ನಿಮ್ಮ ಸೈಟಿಗೂ ಉಪಯೋಗ ಆಗಿದೆ.

ಲಾಯರ್_ಅಣ್ಣ

ಮೇಲಿನವರು ಹೇಳಿದ್ದು ಸರಿ, ಆದರೆ ಅರ್ಧ. ಮೊದಲು ನಿಮ್ಮ ತಂದೆಯವರ ಕ್ರಯಪತ್ರ ತೆಗೆದು ಕೂತು ಓದಿ ತಂಗಿ. ಸೈಟಿನ ಅಳತೆ, ಗಡಿ ಬರೆದಿರುವ ಷೆಡ್ಯೂಲ್ ಅಲ್ಲ, ಷರತ್ತುಗಳಿರುವ ಪುಟ. ಯಾರೂ ಓದದ ಪುಟ ಅದೇ.

ಲೇಔಟ್ ಮಾಡಿದ್ದು ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಗೃಹ ನಿರ್ಮಾಣ ಸಹಕಾರ ಸಂಘದ ಸೈಟ್ ಆಗಿದ್ದರೆ ಅದು 1959ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ಬರುತ್ತದೆ. ಅಲ್ಲಿ ನಿಮ್ಮ ತಂದೆ ಸದಸ್ಯರಾಗಿ ಸೈಟ್ ಪಡೆದಿರುತ್ತಾರೆ, ಸದಸ್ಯನಾದವನು ಬೈಲಾಕ್ಕೆ ಬದ್ಧ. ಸುಪ್ರೀಂ ಕೋರ್ಟ್ 2005ರಲ್ಲಿ ಅಹಮದಾಬಾದಿನ ಒಂದು ಪಾರ್ಸಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿದಿದೆ. ನಮ್ಮಲ್ಲಿ ಅಂಥ ಸಹಕಾರ ಸಂಘದ ಜೊತೆ ಜಗಳ ಬಂದರೆ 1959ರ ಕಾಯ್ದೆಯ ಸೆಕ್ಷನ್ 70ರ ಕೆಳಗೆ ಸಹಕಾರ ಇಲಾಖೆಯ ಮುಂದೆ ಹೋಗಬೇಕು.

ಖಾಸಗಿ ಡೆವಲಪರ್ ಮಾಡಿದ ಲೇಔಟ್ ಆಗಿದ್ದರೆ ಕಥೆ ಬೇರೆ. ಆಮೇಲೆ ಹುಟ್ಟಿಕೊಂಡ ನಿವಾಸಿಗಳ ಸಂಘಕ್ಕೆ ನೀವು ಸದಸ್ಯರೇ ಅಲ್ಲದಿದ್ದರೆ ಅದರ ಬೈಲಾ ನಿಮ್ಮನ್ನು ಕಟ್ಟುವುದಿಲ್ಲ. ಆದರೆ ಕ್ರಯಪತ್ರದಲ್ಲೇ "ಎರಡು ಅಂತಸ್ತಿಗಿಂತ ಜಾಸ್ತಿ ಕಟ್ಟುವುದಿಲ್ಲ" ಅಂತ ಬರೆದು ನಿಮ್ಮ ತಂದೆ ಸಹಿ ಹಾಕಿದ್ದರೆ ಅದನ್ನು ಹಗುರವಾಗಿ ತಗೊಳ್ಳಬೇಡಿ. ಪಾಲಿಕೆ ನೋಡುವುದು ಕಟ್ಟಡದ ನಿಯಮ, ನಿಮ್ಮ ಖಾಸಗಿ ಒಪ್ಪಂದವನ್ನಲ್ಲ. ಸ್ಯಾಂಕ್ಷನ್ ಸಿಕ್ಕಿತು ಅಂದರೆ ಆ ಷರತ್ತು ಅಳಿಸಿ ಹೋಯಿತು ಅಂತ ಅಲ್ಲ.

ಇನ್ನು ಗೇಟು. ಲೇಔಟ್ ನಕ್ಷೆ ಮಂಜೂರಾಗುವಾಗ ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ರಿಲಿಂಕ್ವಿಶ್‌ಮೆಂಟ್ ಡೀಡ್ ಮೂಲಕ ಬಿಟ್ಟುಕೊಡುವುದು ಪದ್ಧತಿ. ಹಾಗೆ ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕ ರಸ್ತೆ. ಅಲ್ಲಿ ಕಂಬಿ ಇಳಿಸಿ ನಿಮ್ಮ ಲಾರಿ ತಡೆಯುವ ಹಕ್ಕು ಯಾವ ಸಂಘಕ್ಕೂ ಇಲ್ಲ. ಆ ಡೀಡ್ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಗೆಸಿ. ರಸ್ತೆ ಖಾಸಗಿಯಾಗೇ ಉಳಿದಿದ್ದರೂ ಸೈಟ್ ಮಾರಿದ ಮೇಲೆ ಅದಕ್ಕೆ ಹೋಗಿ ಬರುವ ದಾರಿ ಕೊಡಲೇಬೇಕು. ಹಳೆ ಬಾಕಿಯ ವಿಷಯ: ಕೋರ್ಟಿಗೆ ಹೋದರೂ ಸಾಮಾನ್ಯವಾಗಿ ಮೂರು ವರ್ಷದ ಹಿಂದಿನದನ್ನು ವಸೂಲಿ ಮಾಡಲು ಆಗುವುದಿಲ್ಲ, ಕಾಲಮಿತಿ ಕಾಯ್ದೆ ಇದೆ.

ಸಿವಿಲ್ ಕೋರ್ಟಿನಲ್ಲಿ ಇಂಜಂಕ್ಷನ್ (ತಡೆಯಾಜ್ಞೆ) ಕೇಳಬಹುದು. ದಾರಿ ತಡೆದದ್ದಕ್ಕೆ ಪೊಲೀಸರಿಗೆ ದೂರು ಕೊಡಲೂ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 126 ಇದೆ. ಆದರೆ ದೂರು ಕೊಟ್ಟರೆ ಮೊದಲು ಸ್ಟೇಷನ್ ಮೆಟ್ಟಿಲು ಹತ್ತುವುದು ಆ ಸೆಕ್ಯುರಿಟಿಯವರು, ಅಧ್ಯಕ್ಷರಲ್ಲ. ಅದಕ್ಕೆ ಅದು ಕೊನೆಗೆ ಇರಲಿ. ಮೊದಲು ಒಂದು ಪತ್ರ, ಸ್ಪೀಡ್ ಪೋಸ್ಟಿನಲ್ಲಿ.

ಮೇಸ್ತ್ರಿ_ಮಗ

ನಾನು ಸೈಟ್ ಎಂಜಿನಿಯರ್. ಇಂಥ ಗೇಟುಗಳ ಮುಂದೆ ತುಂಬಾ ಸಲ ನಿಂತಿದ್ದೇನೆ. ಕಾನೂನು ಮೇಲಿನವರು ಹೇಳಿದರು, ನಾನು ಕೆಲಸದ ಮಾತು ಹೇಳುತ್ತೇನೆ ಅಕ್ಕ.

ಇವತ್ತೇ ಹೋಗಿ ಗೇಟಿನಿಂದ ನಿಮ್ಮ ಸೈಟಿನವರೆಗೆ ಫೋನಿನಲ್ಲಿ ನಿಧಾನವಾಗಿ ವಿಡಿಯೋ ಮಾಡಿ. ರಸ್ತೆಯ ಗುಂಡಿ, ಒಡೆದ ಚರಂಡಿ ಕಲ್ಲು, ಮ್ಯಾನ್‌ಹೋಲ್ ಮುಚ್ಚಳ, ಪಕ್ಕದ ಮನೆ ಕಾಂಪೌಂಡಿನ ಬಿರುಕು, ಎಲ್ಲ ಬರಲಿ. ಎಂಟು ತಿಂಗಳ ಮೇಲೆ "ಈ ಬಿರುಕು ನಿಮ್ಮ ಜೆಸಿಬಿಯಿಂದ ಬಂದದ್ದು" ಅಂದಾಗ ಅದೊಂದೇ ನಿಮ್ಮ ಕೈ ಹಿಡಿಯುವುದು. ಪಕ್ಕದ ಮನೆಯವರನ್ನು ಕರೆದು ಅವರ ಮುಂದೆಯೇ ತೆಗೆದರೆ ಇನ್ನೂ ಒಳ್ಳೆಯದು.

ಆಮೇಲೆ ಸಂಘಕ್ಕೆ ಪತ್ರ. ಅದರಲ್ಲಿ "ಅನುಮತಿ ಕೋರಿ" ಅಂತ ಬರೆಯಬೇಡಿ, "ಮಾಹಿತಿಗಾಗಿ" ಅಂತ ಬರೆಯಿರಿ. ಈ ಒಂದು ಪದ ಮುಖ್ಯ. ನಾನು ಬರೆಸುವುದು ಹೀಗೆ:

"ನಮ್ಮ ಸೈಟಿನಲ್ಲಿ ಮಂಜೂರಾದ ನಕ್ಷೆಯಂತೆ ಮನೆ ಕಟ್ಟುವ ಕೆಲಸ ಶುರು ಮಾಡುತ್ತಿದ್ದೇವೆ. ನಕ್ಷೆಯ ಪ್ರತಿ ಇಟ್ಟಿದೆ. ಲಾರಿಗಳು ಬೆಳಿಗ್ಗೆ 9ರಿಂದ ಸಂಜೆ 6ರ ಒಳಗೆ ಮಾತ್ರ ಬರುತ್ತವೆ. ಕಾಂಕ್ರೀಟ್ ಹಾಕುವ ದಿನ ಎರಡು ದಿನ ಮೊದಲೇ ತಿಳಿಸುತ್ತೇವೆ. ಮರಳು, ಜಲ್ಲಿ ನಮ್ಮ ಸೈಟಿನೊಳಗೇ ಇರುತ್ತವೆ. ರಸ್ತೆ ಅಥವಾ ಚರಂಡಿಗೆ ನಮ್ಮಿಂದ ಹಾನಿಯಾದರೆ ನಾವೇ ಸರಿ ಮಾಡಿಸುತ್ತೇವೆ. ವಾಪಸ್ ಬರುವ ಡೆಪಾಸಿಟ್ ಕೊಡಲು ಸಿದ್ಧರಿದ್ದೇವೆ, ರಸೀದಿ ಬೇಕು."

ಬರೆದಂತೆ ನಡೆದುಕೊಳ್ಳಿ. ಕೆಲಸದವರಿಗೆ ಶೌಚಾಲಯ ಮೊದಲ ದಿನವೇ ಕಟ್ಟಿಸಿ. ಮುಕ್ಕಾಲು ಪಾಲು ಜಗಳ ಶುರುವಾಗುವುದು ಅಲ್ಲಿಂದಲೇ, ಅದು ಕೆಲಸದವರ ತಪ್ಪಲ್ಲ, ನಮ್ಮದು. ಸೆಟ್‌ಬ್ಯಾಕ್‌ನಲ್ಲಿ, ಅಂದರೆ ಮನೆ ಸುತ್ತ ಬಿಡಬೇಕಾದ ಖಾಲಿ ಜಾಗದಲ್ಲಿ, ಒಂದಿಂಚೂ ಜಾರಬೇಡಿ. ಸಂಘಕ್ಕೆ ನಿಮ್ಮ ಪ್ಲಾನ್ ಬದಲಿಸುವ ಅಧಿಕಾರ ಇಲ್ಲದಿರಬಹುದು, ಆದರೆ ಪ್ಲಾನ್ ಮೀರಿ ಕಟ್ಟಿದರೆ ಪಾಲಿಕೆಗೆ ದೂರು ಕೊಡುವುದನ್ನು ಯಾರೂ ತಡೆಯಲು ಆಗಲ್ಲ. ಇನ್ನೊಂದು, ಬೆಂಗಳೂರಿನಲ್ಲಿ 1,200 ಚದರ ಅಡಿ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಹೇಗಿದ್ದರೂ ಕಡ್ಡಾಯ. ಆ ಇಂಗುಗುಂಡಿಯ ಜಾಗವನ್ನು ನಕ್ಷೆಯಲ್ಲಿ ತೋರಿಸಿ. ನೀರು ರಸ್ತೆಗೆ ಬರುತ್ತದೆ ಅನ್ನುವ ಹೆದರಿಕೆ ಇದ್ದ ಕಮಿಟಿಯವರು ಅದನ್ನು ನೋಡಿ ಮೆತ್ತಗಾಗಿದ್ದು ಎರಡು ಕಡೆ ಕಂಡಿದ್ದೇನೆ.

ಫ್ರೀಮಾಂಟ್_ಕನ್ನಡತಿ

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಮನೆ ಮಾಲೀಕರ ಸಂಘದ ಒಪ್ಪಿಗೆ ನಿಜವಾಗಿಯೂ ಬೇಕು, ಯಾಕೆಂದರೆ ಆ ಷರತ್ತುಗಳು ಜಮೀನಿನ ದಾಖಲೆಯ ಜೊತೆಗೇ ನೋಂದಣಿ ಆಗಿ, ಮನೆ ಯಾರ ಕೈಗೆ ಹೋದರೂ ಹಿಂದೆಯೇ ಬರುತ್ತವೆ. ಸಿಟಿ ಪರ್ಮಿಟ್ ಬೇರೆ, ಸಂಘದ ಒಪ್ಪಿಗೆ ಬೇರೆ. ಬೇಲಿಯ ಬಣ್ಣಕ್ಕೂ ಅರ್ಜಿ ಹಾಕಿದ್ದೇನೆ.

ಆದರೆ ಸಂಘದವರಿಗೂ ಕಾನೂನು ಲಗಾಮು ಹಾಕಿದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಮತ್ತೆ ಪರಿಶೀಲಿಸಿ ಅಂತ ಕೇಳುವ ದಾರಿಯನ್ನೂ ತಿಳಿಸಬೇಕು. ಸೋಲಾರ್ ಅರ್ಜಿಗೆ 45 ದಿನದಲ್ಲಿ ಲಿಖಿತವಾಗಿ ಇಲ್ಲ ಅನ್ನದಿದ್ದರೆ ಒಪ್ಪಿದಂತೆಯೇ ಲೆಕ್ಕ. ಹಿತ್ತಲಿನಲ್ಲಿ ಅಪ್ಪ ಅಮ್ಮನಿಗೆ ಅಂತ ಚಿಕ್ಕ ಮನೆ ಕಟ್ಟುವುದನ್ನು 2020ರಿಂದ ಯಾವ ಸಂಘವೂ ಪೂರ್ತಿ ನಿಷೇಧಿಸುವ ಹಾಗಿಲ್ಲ. ನಮ್ಮ ಊರಿನ ಸಂಘಗಳಿಂದಲೂ "ಯಾಕೆ ಬೇಡ" ಅನ್ನುವುದನ್ನು ಬರೆದು ಕೊಡಿ ಅಂತ ಕೇಳುವುದನ್ನು ಬಿಡಬೇಡಿ. ಬರೆಯಲು ಕೂತಾಗ ಎಷ್ಟೋ ಷರತ್ತು ತಾನಾಗಿಯೇ ಬಿದ್ದು ಹೋಗುತ್ತದೆ.

ಮೂವತ್ತು_ನಲವತ್ತು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆಯಿತು, ಆಗಿದ್ದನ್ನು ಹೇಳಿಬಿಡುತ್ತೇನೆ.

ಅಮ್ಮನ ಬೀರುವಿನಿಂದ ಕ್ರಯಪತ್ರ ತೆಗೆದು ಇಬ್ಬರೂ ಒಂದೊಂದು ಸಾಲು ಓದಿದೆವು. ಖಾಸಗಿ ಡೆವಲಪರ್ ಲೇಔಟ್. ಅಂತಸ್ತಿನ ಬಗ್ಗೆ ಒಂದು ಅಕ್ಷರ ಇಲ್ಲ. ಆದರೆ ಐದನೇ ಷರತ್ತಿನಲ್ಲಿ, ಸಾಮಾನ್ಯ ಸೌಲಭ್ಯಗಳ ನಿರ್ವಹಣೆಗೆ ಮಾಲೀಕರು ತಮ್ಮ ಪಾಲು ಕೊಡಬೇಕು ಅಂತ ಇದೆ. ಕೆಳಗೆ ಅಪ್ಪನ ಸಹಿ. ಅಮ್ಮ ಸ್ವಲ್ಪ ಹೊತ್ತು ಆ ಸಹಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಆಮೇಲೆ "ಅಪ್ಪ ಒಪ್ಪಿದ್ದನ್ನು ಕೊಡೋಣ, ಒಪ್ಪದ್ದನ್ನು ಬೇಡ" ಅಂದರು. ನಾವು ಅದನ್ನೇ ಹಿಡಿದುಕೊಂಡೆವು.

ರಿಲಿಂಕ್ವಿಶ್‌ಮೆಂಟ್ ಡೀಡ್ ಕೂಡ ಸಿಕ್ಕಿತು, ರಸ್ತೆಗಳು ಪಾಲಿಕೆಯವು. ಪತ್ರದ ಜೊತೆ ಅದರ ಪ್ರತಿ ಇಟ್ಟು ಕಳಿಸಿದೆ. ನಾಲ್ಕು ದಿನಕ್ಕೆ ಅಧ್ಯಕ್ಷರೇ ಫೋನ್ ಮಾಡಿ ಬನ್ನಿ ಅಂದರು. ಮೊದಲರ್ಧ ಗಂಟೆ ಬಿಸಿ ಇತ್ತು. ಅಭಿವೃದ್ಧಿ ಶುಲ್ಕಕ್ಕೆ ಸಭೆಯ ನಡಾವಳಿ ಕೇಳಿದೆ, ಇರಲಿಲ್ಲ. ಅಂತಸ್ತಿನ ವಿಷಯ ಬರೆದು ಕೊಡಿ ಅಂದೆ, ಆ ಮಾತು ಅಲ್ಲಿಗೇ ನಿಂತಿತು. ಕೊನೆಗೆ 30,000 ಡೆಪಾಸಿಟ್, ಚೆಕ್ ಮೂಲಕ, ವಾಪಸ್ ಕೊಡುವ ಷರತ್ತು ರಸೀದಿಯ ಮೇಲೆಯೇ ಬರೆದಿದೆ. ಮೇಂಟೆನೆನ್ಸ್ ಮೂರು ವರ್ಷದ್ದು ಕಟ್ಟಿದೆವು, ಬಡ್ಡಿ ಇಲ್ಲ. ಒಬ್ಬ ಹಿರಿಯರು ಎದ್ದು, ಅವರ ಮೊಮ್ಮಗಳಿಗೆ ಪರೀಕ್ಷೆ ಇದೆ, ಟೈಲ್ಸ್ ಕತ್ತರಿಸುವ ಕೆಲಸ ಮಾರ್ಚ್ ತಿಂಗಳಲ್ಲಿ ಬೇಡಮ್ಮ ಅಂದರು. ಅದನ್ನು ಖುಷಿಯಿಂದ ಒಪ್ಪಿಕೊಂಡೆ.

ನಿನ್ನೆ ಕಬ್ಬಿಣದ ಲೋಡ್ ಬಂತು. ಸೆಕ್ಯುರಿಟಿಯವರು ಕಂಬಿ ಎತ್ತಿ, ತಾವೇ ಲಾರಿ ಮುಂದೆ ನಡೆದು ತಿರುವಿನಲ್ಲಿ ಮ್ಯಾನ್‌ಹೋಲ್ ತಪ್ಪಿಸಿ ಸೈಟಿನವರೆಗೆ ಕರೆತಂದರು. ನಾಡಿದ್ದು ಅಡಿಪಾಯದ ಫುಟಿಂಗ್ ಕಾಂಕ್ರೀಟ್.

ಮೇಸ್ತ್ರಿ_ಮಗ

ತುಂಬಾ ಸಂತೋಷ ಅಕ್ಕ. ಕಾಂಕ್ರೀಟ್ ಬರುವ ಮುಂಚೆ ಆ ಮ್ಯಾನ್‌ಹೋಲ್ ಮೇಲೆ ದಪ್ಪ ಕಬ್ಬಿಣದ ಪ್ಲೇಟ್ ಒಂದನ್ನು ಹಾಸಿಬಿಡಿ. ಸೆಂಟ್ರಿಂಗ್‌ನವರ ಹತ್ತಿರ ಕೇಳಿದರೆ ದಿನದ ಬಾಡಿಗೆಗೆ ಸಿಗುತ್ತದೆ.