ಕೀಲಿ, ಕೀಲು, ಎಣ್ಣೆ: ಮಷೀನಿನ ಚೀಟಿಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಚೀಟಿ ಬರೆಯೋಕೆ ಹೋಗಿ ಪೇಚಿಗೆ ಸಿಕ್ಕಿದ್ದೇನೆ.

ಒಹಾಯೋದಲ್ಲಿರುವ ನಮ್ಮ ಮನೆಗೆ ಹೆಂಡತಿಯ ಅಪ್ಪ ಧಾರವಾಡದಿಂದ ಬಂದಿದ್ದಾರೆ. ಕೂತು ಓಡಿಸುವ ಹುಲ್ಲಿನ ಮಷೀನ್ ಕಂಡರೆ ಅವರಿಗೆ ಖುಷಿಯೋ ಖುಷಿ, ಅದರ ಉಸ್ತುವಾರಿ ಎಲ್ಲ ಈಗ ಅವರದೇ. ಪುಸ್ತಕ ಇಂಗ್ಲಿಷಿನಲ್ಲಿದೆ ಅಂತ ನಾನೇ ಕನ್ನಡದಲ್ಲಿ ಚೀಟಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿದೆ. ಮೊದಲ ಸಾಲು: "ಕೀಲಿ ತೆಗೆದು ಕೀಲಿಗೆ ಎಣ್ಣೆ ಹಾಕಿ."

ನಾನು ಮಂಡ್ಯದವನು. ಸುಮ್ನೆ ಕೀ ಅಂತ ಬರೆಯೋದು ಬಿಟ್ಟು ಶೋಕಿಗೆ ಕೀಲಿ ಅಂದೆ, ದಿನಾ ಕೀಲಿಮಣೆ ಕುಟ್ಟುವವನಲ್ವಾ. ಧಾರವಾಡದಲ್ಲಿ ಕೀಲಿ ಅಂದರೆ ಬೀಗ, ಕೀಲಿ ತೆಗಿ ಅಂದರೆ ಬೀಗ ತೆಗಿ. ಮಾವ ಶೆಡ್ಡಿನ ಬೀಗ ತೆಗೆದರು, ಆ ಬೀಗಕ್ಕೇ ನಾಲ್ಕು ಹನಿ ಎಣ್ಣೆ ಬಿಟ್ಟರು! ತಪ್ಪು ಅವರದಲ್ಲ. ಕೀಲು ಅನ್ನೋದಕ್ಕೂ ಕೀಲಿಗೆ, ಕೀಲಿ ಅನ್ನೋದಕ್ಕೂ ಕೀಲಿಗೆ. ಆದರೆ ಮಷೀನಿನ ಕೀ ಅಲ್ಲೇ ಇತ್ತು, ಸ್ಪಾರ್ಕ್ ಪ್ಲಗ್ಗಿನ ವೈರೂ ಹಾಗೇ ಇತ್ತು, ಅವರು ಬ್ಲೇಡಿನ ಹತ್ತಿರ ಕೈ ಹಾಕಿ ಹುಲ್ಲು ಕೆರೆಯುತ್ತಿದ್ದರು. ನೋಡಿ ಎದೆ ಧಸಕ್ ಅಂತು.

ಹಾಗಾಗಿ ಈಗ "ಬ್ರೇಕ್ ಹಾಕಿ, ಕೀ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಪ್ಲಗ್ಗಿನ ವೈರ್ ಬಿಚ್ಚಿ ದೂರ ಸರಿಸಿ, ಇಂಜಿನ್ ತಣ್ಣಗಾಗಲಿ" ಅಂತ ಬರೆದಿದ್ದೇನೆ. ಇದರಲ್ಲಿ ಗೊಂದಲ ಇಲ್ಲ ಅನ್ನಿಸುತ್ತೆ.

ತಕರಾರಿರೋದು ಎಣ್ಣೆಯದು. ಎರಡನೇ ಸಾಲಿನಲ್ಲಿ "ತಿರುಗುವ ಕಡೆಯೆಲ್ಲ ಎಣ್ಣೆ" ಅಂದಿದ್ದೆ, ಅವರು ಬೆಲ್ಟಿಗೂ ಸವರಿದ್ದರು. ಎಣ್ಣೆ ಕುಡಿದ ಬೆಲ್ಟ್ ಜಾರುತ್ತೆ, ರಬ್ಬರೂ ಹಾಳು. ಇಂಜಿನ್ನಿಗೆ ಬೇಕಾದ್ದು ಸುರಿಯೋ ಇಂಜಿನ್ ಎಣ್ಣೆ. ಮುಂದಿನ ಚಕ್ರಕ್ಕೆ, ಬ್ಲೇಡ್ ಕೂತು ತಿರುಗುವ ಸ್ಪಿಂಡಲ್‌ಗೆ ಬೇಕಾದ್ದು ಗ್ರೀಸ್: ನಿಪ್ಪಲ್ (ಗ್ರೀಸ್ ಒಳಗೆ ಹೋಗುವ ಸಣ್ಣ ಮೂತಿ) ಮೇಲಿನ ಮಣ್ಣು ಬಟ್ಟೆಯಿಂದ ಒರೆಸಿ, ಗ್ರೀಸ್ ಗನ್ ಕಚ್ಚಿಸಿ, 1 ಅಥವಾ 2 ಸಲ ಒತ್ತಿದರೆ ಸಾಕು. ಎರಡಕ್ಕೂ ಎಣ್ಣೆ ಅಂದರೆ ಹೇಗೆ? ಜಿಡ್ಡು ಅನ್ನೋಣ ಅಂದರೆ, ಜಿಡ್ಡು ಒರೆಸಬೇಕಾದ್ದು, ಹಾಕಬೇಕಾದ್ದಲ್ಲ. ಎಣ್ಣೆ ಹಾಕಿಕೊಂಡು ಮಷೀನ್ ಹತ್ತಿ ಅಂದರಂತೂ ಬೇರೇನೇ ಅರ್ಥ. ಲೂಬ್ರಿಕೆಂಟಿಗೆ ಪುಸ್ತಕದ ಮಾತು ಸ್ನೇಹಕ ಅಂತ ಯಾರಾದರೂ ಹೇಳಬಹುದು, ದಯವಿಟ್ಟು ಬೇಡ, ಅದು ಶೆಡ್ಡಿನ ಮಾತಲ್ಲ.

ಕೀಲೆಣ್ಣೆ ನನಗೆ ಇಷ್ಟ. ನಮ್ಮಜ್ಜ ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದರು, ಚಕ್ರದ ಗುಂಬದಲ್ಲಿ ಕರ್ರಗೆ ಮೆತ್ತಿಕೊಂಡಿರುತ್ತಿತ್ತು. ಕ್ಯಾಸ್ಟ್ರಾಲ್ ಅನ್ನೋ ಹೆಸರೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಬಂದದ್ದು. ಆದರೆ ಕೀಲೆಣ್ಣೆ ಅಂದರೆ ಸುರಿಯೋ ಎಣ್ಣೆಯೋ, ಮೆತ್ತೋ ಗ್ರೀಸೋ? ನಿಮ್ಮ ಕಡೆ ಹೇಗೆ?

ಇನ್ನೊಂದು, ಸ್ಪಿಂಡಲ್‌ಗೆ ಕದಿರು ಅನ್ನಬಹುದಾ? ರಾಟೆಯ ಕದಿರೂ ಅದೇ ತಾನೇ. ಮಾವನಿಗೆ ಕೇಳಿದರೆ "ಕದರು ಅಂದ್ರ ನೂಲೂದು, ಇದು ಕೊಯ್ಯೂದು" ಅಂದರು.

ಶನಿವಾರ ಮತ್ತೆ ಹುಲ್ಲು ಹೊಡೆಯೋದಿದೆ, ಅಷ್ಟರೊಳಗೆ ಯಾರಾದರೂ ಹೇಳಿ.