ತಾತನ ಹೆರಾಲ್ಡ್ ನೆನಪಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಕೊಳ್ಳಬೇಕು ಅಂತಿದ್ದೇನೆ, ಏನೇನು ನೋಡಬೇಕು?

ಮೈಸೂರು ಟು ಕೊವೆಂಟ್ರಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಒಂಬತ್ತು ವರ್ಷದಿಂದ ಇಂಗ್ಲೆಂಡಿನಲ್ಲಿ ಕೊವೆಂಟ್ರಿ ಹತ್ತಿರ ಇದ್ದೇನೆ. ಹಳೇ ಕಾರಿನ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಮ್ಮ ತಾತನ ಹತ್ತಿರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು, ಮದ್ರಾಸಿನಲ್ಲಿ ತಯಾರಾದದ್ದು. ಭಾನುವಾರ ಬೆಳಿಗ್ಗೆ ತಾತ ಅದರ ಬಾನೆಟ್ ಎತ್ತುತ್ತಾರೆ ಅಂದರೆ ಮೊಮ್ಮಕ್ಕಳೆಲ್ಲ ಅಂಗಳಕ್ಕೆ ಓಡುತ್ತಿದ್ದೆವು. ಬೇರೆ ಕಾರಿನ ಹಾಗೆ ಬರೀ ಮುಚ್ಚಳ ಏಳುತ್ತಿರಲಿಲ್ಲ, ಮಡ್‌ಗಾರ್ಡು ಹೆಡ್‌ಲೈಟು ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತಿತ್ತು. ತಾತ ಮುಂದಿನ ಟೈರಿನ ಮೇಲೆ ಕೂತು ಕಾರ್ಬ್ಯುರೇಟರ್ ಬಿಚ್ಚುತ್ತಿದ್ದರು. ತಾತ ಹೋದ ಮೇಲೆ ಕಾರು ಗುಜರಿಗೆ ಹೋಯಿತು. ಅವತ್ತು ನಾನು ಹಾಸ್ಟೆಲ್‌ನಲ್ಲಿದ್ದೆ, ನನಗೆ ಯಾರೂ ಹೇಳಲಿಲ್ಲ.

ಹೋದ ಆಗಸ್ಟ್‌ನಲ್ಲಿ ಇಲ್ಲಿ ಒಂದು ಹಳ್ಳಿಯ ಮೇಳಕ್ಕೆ ಹೋಗಿದ್ದೆ. ಹುಲ್ಲಿನ ಮೇಲೆ ಕೆಂಪು ಬಣ್ಣದ, ಎರಡೇ ಸೀಟಿನ, ಮೊಣಕಾಲೆತ್ತರದ ಪುಟ್ಟ ಕಾರು ನಿಂತಿತ್ತು. ಅದರ ಯಜಮಾನರು ಬಾನೆಟ್ ಎತ್ತಿದರು. ಅದೇ ಮೂತಿ ಮುಂದಕ್ಕೆ ಬಾಗುವ ರೀತಿ! ಹತ್ತಿರ ಹೋಗಿ ನೋಡಿದರೆ ಮುಂದಿನ ಸಸ್ಪೆನ್ಷನ್ನೂ ಅದೇ. ಕೇಳಿದ್ದಕ್ಕೆ ಅವರು ಹೇಳಿದರು, ಇದು ಟ್ರಯಂಫ್ ಸ್ಪಿಟ್‌ಫೈರ್, ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ ಅದರ ಮೇಲೆ ಕಟ್ಟಿದ್ದು, ಎರಡನ್ನೂ ರೂಪಿಸಿದ್ದು ಇಟಲಿಯ ಜೊವಾನಿ ಮಿಕೆಲೊಟ್ಟಿ. ಅದು ತಯಾರಾದ ಕ್ಯಾನ್ಲಿ ಕಾರ್ಖಾನೆ ಇದ್ದ ಜಾಗ ನನ್ನ ಮನೆಯಿಂದ ಇಪ್ಪತ್ತು ನಿಮಿಷ. ಅವತ್ತಿನಿಂದ ನಿದ್ದೆ ಇಲ್ಲ.

ಈಗ ಎರಡು ಕಾರು ನೋಡಿ ಇಟ್ಟುಕೊಂಡಿದ್ದೇನೆ. ಎರಡೂ ಮಾರ್ಕ್ 4, ಅಂದರೆ ಸ್ಪಿಟ್‌ಫೈರ್‌ನ ನಾಲ್ಕನೇ ಆವೃತ್ತಿ, 1296 ಸಿಸಿ. ಒಂದು 1973ರದ್ದು, ಓವರ್‌ಡ್ರೈವ್ (ವೇಗದಲ್ಲಿ ಇಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಇದೆ, 31 ವರ್ಷ ಒಬ್ಬರೇ ಇಟ್ಟುಕೊಂಡಿದ್ದಾರೆ, ಬಣ್ಣ ಅಲ್ಲಲ್ಲಿ ಮಾಸಿದೆ, 8,500 ಪೌಂಡ್ ಕೇಳುತ್ತಾರೆ. ಇನ್ನೊಂದು 1972ರದ್ದು, ಹೊಸ ಪೇಂಟ್, ಹೊಸದಾಗಿ ಕಟ್ಟಿದ ಇಂಜಿನ್, ಫಳಫಳ ಹೊಳೆಯುತ್ತದೆ, 5,500ಕ್ಕೆ ಕೊಡುತ್ತಾರಂತೆ. ಸ್ಪ್ಯಾನರ್ ಕೆಲಸ ನನಗೆ ಬರುತ್ತದೆ. ವೆಲ್ಡಿಂಗ್ ಬರುವುದಿಲ್ಲ. ಕಡಿಮೆ ಬೆಲೆಯದ್ದನ್ನು ತಗೊಂಡು ಉಳಿದ ದುಡ್ಡಲ್ಲಿ ನಿಧಾನವಾಗಿ ಸರಿ ಮಾಡಿಕೊಳ್ಳುವುದು ಒಳ್ಳೆಯದಲ್ವಾ? ಅನುಭವ ಇರುವವರು ದಯವಿಟ್ಟು ಹೇಳಿ.

ಡರ್ಬಿ ಕನ್ನಡಿಗ

ಮೊದಲು ಒಂದು ಮಾತು. ಹೊಸ ಪೇಂಟ್ ನೋಡಿ ದುಡ್ಡು ಕೊಡಬೇಡಿ. ನಾನು 2008ರಲ್ಲಿ ಹಾಗೇ ಮಾಡಿ ಮಾರ್ಕ್ 3 ತಂದೆ, ಅದನ್ನು ರಸ್ತೆಗೆ ತರಲು ನಾಲ್ಕು ವರ್ಷ ಹಿಡಿಯಿತು.

ಸ್ಪಿಟ್‌ಫೈರ್‌ಗೆ ಬೇರೆಯೇ ಚಾಸಿ ಇದೆ, ಆದ್ದರಿಂದ ಬಾಡಿ ತುಕ್ಕು ಹಿಡಿದರೂ ಪರವಾಗಿಲ್ಲ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಹೆರಾಲ್ಡಿಗೆ ಆ ಮಾತು ಸ್ವಲ್ಪ ಮಟ್ಟಿಗೆ ಸರಿ. ಸ್ಪಿಟ್‌ಫೈರ್‌ಗೆ ಸರಿಯಲ್ಲ. ಇದರ ಚಾಸಿ ನಡುವೆ ಬೆನ್ನುಮೂಳೆ ಥರ ಇರುತ್ತದೆ ಅಷ್ಟೇ, ಪಕ್ಕಕ್ಕೆ ಚಾಚಿಕೊಂಡು ಬಾಡಿಯನ್ನು ಹೊರುವ ಕೈಗಳಿಲ್ಲ. ಮೇಲೆ ಛಾವಣಿಯೂ ಇಲ್ಲ. ಹಾಗಾಗಿ ಎರಡೂ ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆ ಇದೆಯಲ್ಲ, ಸಿಲ್ ಅಂತಾರೆ, ಇಡೀ ಬಾಡಿ ಬಿಗಿಯಾಗಿ ನಿಲ್ಲುವುದು ಅದರ ಬಲದಿಂದ. ಅದು ಒಳಗಿಂದ ಕೊಳೆತರೆ ಕಾರು ನಡುವಲ್ಲಿ ಕುಸಿಯುತ್ತದೆ. ಹಿಂದಿನ ಚಕ್ರವನ್ನು ಹಿಡಿದಿಡುವ ರಾಡ್‌ನ ಮುಂತುದಿ ಬಾಡಿಗೇ ಬೋಲ್ಟ್ ಆಗಿರುತ್ತದೆ, ಅಲ್ಲೂ ತುಕ್ಕು ತಿಂದಿದ್ದರೆ ಹಿಂದಿನ ಚಕ್ರದ ದಿಕ್ಕೇ ತಪ್ಪುತ್ತದೆ.

ನೋಡುವುದು ಹೇಗೆ ಅಂದರೆ, ಮೊದಲು ಬಾಗಿಲು ಮುಚ್ಚಿ ಸಂದು ನೋಡಿ. ಬಾಗಿಲಿನ ಹಿಂದಿನ ಸಂದು ಮೇಲಿನಿಂದ ಕೆಳಗಿನ ತನಕ ಒಂದೇ ಅಗಲ ಇರಬೇಕು. ಮೇಲೆ ಕಿರಿದು ಕೆಳಗೆ ಅಗಲ ಇದ್ದರೆ, ಯಾರೋ ಬಾಡಿಗೆ ಆಸರೆ ಕೊಡದೆ ಹಳೇ ಸಿಲ್ ಕತ್ತರಿಸಿ ಹೊಸದು ಹಾಕಿದ್ದಾರೆ ಅಂತ ಅರ್ಥ. ಆಮೇಲೆ ಒಂದು ಚಿಕ್ಕ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಸಿಲ್ ಮೇಲೆ, ಚಕ್ರದ ಕಮಾನಿನ ಅಂಚಲ್ಲಿ, ಬಾಗಿಲ ಕೆಳಭಾಗದಲ್ಲಿ ಸರಿಸುತ್ತಾ ಹೋಗಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಕಾರ್ಪೆಟ್ ಎತ್ತಿಸಿ ನೆಲ ನೋಡಿ. ಡಿಕ್ಕಿಯ ನೆಲ ನೋಡಿ. ಗಾಜಿನ ಚೌಕಟ್ಟಿನ ಕೆಳ ಅಂಚು ನೋಡಿ. ಕಾರ್ಪೆಟ್ ಎತ್ತಲು ಬಿಡುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಇಂಜಿನ್ನಿನಲ್ಲಿ ಒಂದೇ ಒಂದು ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಬಾನೆಟ್ ಎತ್ತಿ ನೀವು ಮುಂದೆ ನಿಂತು ಕೆಳಗಿನ ದೊಡ್ಡ ಪುಲ್ಲಿ ನೋಡುತ್ತಿರಿ, ಇಂಜಿನ್ ಆಫ್ ಇರಲಿ, ಇನ್ನೊಬ್ಬರು ಒಳಗೆ ಕೂತು ಕ್ಲಚ್ ಒತ್ತಿ ಬಿಡಲಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಸರಿದರೆ ಥ್ರಸ್ಟ್ ವಾಷರ್ ಸವೆದಿದೆ. ಇಂಜಿನ್ನಿನ ಮುಖ್ಯ ದಂಡ, ಅಂದರೆ ಕ್ರ್ಯಾಂಕ್, ಸರಿದಾಡದ ಹಾಗೆ ತಡೆಯುವ ಅರ್ಧಚಂದ್ರದಂಥ ಬಿಲ್ಲೆಗಳವು. ಸಮಯಕ್ಕೆ ಬದಲಿಸಿದರೆ ಖರ್ಚು ಏನೂ ಇಲ್ಲ. ಜಾರಿ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ ಬಿದ್ದರೆ ಕ್ರ್ಯಾಂಕ್ ಹೋಗಿ ಬ್ಲಾಕನ್ನೇ ತಿನ್ನುತ್ತದೆ. ಕಾರು ತಗೊಂಡ ಮೇಲೂ ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡು ನಿಲ್ಲಬೇಡಿ, ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ.

ಇಂಜಿನ್ನು, ಗೇರ್‌ಬಾಕ್ಸು, ಬ್ರೇಕು, ಎಲ್ಲವನ್ನೂ ನೀವೇ ಮನೆಯಲ್ಲಿ ಮಾಡಬಹುದು, ಬಿಡಿಭಾಗವೂ ಇಲ್ಲಿ ಧಾರಾಳವಾಗಿ ಸಿಗುತ್ತದೆ. ಮೂರು ಲಕ್ಷಕ್ಕಿಂತ ಜಾಸ್ತಿ ತಯಾರಾದ ಕಾರು ಇದು. ತಗಡಿನ ಕೆಲಸ ಮಾತ್ರ ಹಾಗಲ್ಲ, ವೆಲ್ಡಿಂಗ್ ಬಾರದವರ ದುಡ್ಡನ್ನು ಅದು ನುಂಗಿಬಿಡುತ್ತದೆ. ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ 8,500ರ ಕಾರನ್ನೇ ತಗೊಳ್ಳುತ್ತಿದ್ದೆ. ಮಾಸಿದ ಬಣ್ಣ ಅಂದರೆ ಕೆಳಗೆ ಏನನ್ನೂ ಮುಚ್ಚಿಟ್ಟಿಲ್ಲ ಅಂತ.

ಮಲ್ಲೇಶ್ವರಂ ಹೆರಾಲ್ಡ್

ತಾತನ ಕಥೆ ಓದಿ ಕಣ್ಣು ತುಂಬಿತು ತಮ್ಮಾ. ನಮ್ಮ ಮನೆಯಲ್ಲಿ 1966ರ ಹೆರಾಲ್ಡ್ ಇನ್ನೂ ಇದೆ. ನಮ್ಮ ತಂದೆ ಓಡಿಸುತ್ತಿದ್ದರು, ಈಗ ನಾನು ಓಡಿಸುತ್ತೇನೆ. ಭಾನುವಾರ ಬೆಳಿಗ್ಗೆ ಟ್ರಾಫಿಕ್ ಏಳುವ ಮೊದಲು ಹೆಸರಘಟ್ಟದ ಕಡೆ ಹೋಗಿ ಬರುತ್ತೇನೆ.

ಡರ್ಬಿಯವರು ಹೇಳಿದ್ದೆಲ್ಲ ಸರಿ, ಆದರೆ ಒಂದು ವಿಷಯ ಬಿಟ್ಟಿದ್ದಾರೆ. ಅದು ಟ್ರನಿಯನ್. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವಾಗ ಅದನ್ನು ಹಿಡಿದಿರುವ ಉಕ್ಕಿನ ಕಾಲು ಕೆಳಗಡೆ ಒಂದು ಕಂಚಿನ ತುಂಡಿನೊಳಗೆ ಮರೆಯ (ಸ್ಕ್ರೂ ಥ್ರೆಡ್) ಮೇಲೆ ತಿರುಗುತ್ತದೆ. ಆ ತುಂಡೇ ಟ್ರನಿಯನ್. ಹೆರಾಲ್ಡಿಗೂ ಸ್ಪಿಟ್‌ಫೈರ್‌ಗೂ ಅದು ಒಂದೇ. ಅದಕ್ಕೆ ಹಾಕಬೇಕಾದದ್ದು ಆಯಿಲ್. ಗೇರ್‌ಬಾಕ್ಸಿಗೆ ಹಾಕುವ ದಪ್ಪ 90 ನಂಬರ್ ಆಯಿಲ್. ಗ್ರೀಸ್ ಅಲ್ಲ! ಗ್ರೀಸ್ ಹೊಡೆದರೆ ಅದು ಒಳಗೆ ಗಟ್ಟಿಯಾಗಿ ಕೂರುತ್ತದೆ, ಮರೆಯ ಸಂದಿಗೆ ಇಳಿಯುವುದಿಲ್ಲ, ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ, ಒಂದು ದಿನ ಮುರಿದು ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ನಮಗೆ ಆದದ್ದು ಅದೇ. ಒಂದು ಗ್ಯಾರೇಜಿನಲ್ಲಿ ಸರ್ವೀಸಿಗೆ ಬಿಟ್ಟಾಗ ಒಳ್ಳೆಯದಾಗಲಿ ಅಂತಲೇ ಎಲ್ಲ ಕಡೆ ಗ್ರೀಸ್ ಗನ್ ಹಿಡಿದಿದ್ದಾರೆ. ಎರಡು ವರ್ಷದ ಮೇಲೆ ನಮ್ಮ ಗೇಟಿನ ಹತ್ತಿರ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆಯುವಾಗ ಟಕ್ ಅಂತ ಮುರಿಯಿತು. ಅಪ್ಪ ಒಳಗಿದ್ದರು. ಅದೇ ತುಮಕೂರು ರಸ್ತೆಯಲ್ಲಿ ಆಗಿದ್ದರೆ ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಕಾರು ನೋಡಲು ಹೋದಾಗ ಮಾರುವವರನ್ನು ಇದೊಂದು ಪ್ರಶ್ನೆ ಕೇಳಿ: "ಟ್ರನಿಯನ್‌ಗೆ ಏನು ಹಾಕುತ್ತೀರಿ?" ಆಯಿಲ್ ಅಂದರೆ ಅವರು ಕೈಪಿಡಿ ಓದಿದವರು, ಕಾರನ್ನು ಪ್ರೀತಿಯಿಂದ ಇಟ್ಟಿದ್ದಾರೆ. ಗ್ರೀಸ್ ಅಂದರೆ, ಅಥವಾ ಅದೇನು ಅಂತ ನಿಮ್ಮನ್ನೇ ಕೇಳಿದರೆ, ಎರಡೂ ಕಡೆಯ ಟ್ರನಿಯನ್ ಮತ್ತು ಆ ಕಾಲನ್ನು ಬದಲಿಸುವ ತನಕ ಓಡಿಸಬೇಡಿ.

ಇಲ್ಲಿಯ ಒಂದು ಸುದ್ದಿ. 2021ರಿಂದ ನಮ್ಮ ದೇಶದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಅಂತ ಬಂದಿದೆ, ನಂಬರಿನಲ್ಲಿ ವಿಎ ಅಂತ ಅಕ್ಷರ ಬರುತ್ತದೆ. ಆದರೆ ಅದನ್ನು ಮಾಡಿಸಿದರೆ ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ. ಅದಕ್ಕೇ ನಾನು ಮಾಡಿಸಿಲ್ಲ. ಓಡದೆ ನಿಂತ ಹೆರಾಲ್ಡ್ ನನಗೆ ಬೇಡ.

ಫೈಲ್ ಓದುವವ

ಕಾಗದದ ಬಗ್ಗೆ ಮಾತ್ರ ಹೇಳುತ್ತೇನೆ. 40 ವರ್ಷ ದಾಟಿದ ಕಾರಿಗೆ ಅಲ್ಲಿ ರಸ್ತೆ ತೆರಿಗೆ ಇಲ್ಲ, ಆದರೆ ಅದು ತಾನಾಗಿ ಬರುವುದಿಲ್ಲ, ಹಿಸ್ಟಾರಿಕ್ ವರ್ಗಕ್ಕೆ ಬದಲಿಸಲು ಅರ್ಜಿ ಹಾಕಬೇಕು. ದೊಡ್ಡ ಮಾರ್ಪಾಡು ಆಗಿರದಿದ್ದರೆ ಗಾಡಿ ರಸ್ತೆಗೆ ಯೋಗ್ಯವಾ ಅಂತ ನೋಡುವ ವರ್ಷದ ಎಂಒಟಿ ಪರೀಕ್ಷೆಯೂ ಕಡ್ಡಾಯವಲ್ಲ. ಆದರೂ ಮಾಡಿಸಿ, ಇನ್ನೊಂದು ಜೊತೆ ಕಣ್ಣು ಕಾರಿನ ಕೆಳಗೆ ನೋಡುವುದು ಒಳ್ಳೆಯದೇ. ಎರಡೂ ಕಾರಿನ ನಂಬರ್ ಹಾಕಿ ಸರ್ಕಾರದ ವೆಬ್‌ಸೈಟಿನಲ್ಲಿ ಹಳೇ ಎಂಒಟಿ ದಾಖಲೆ ನೋಡಿ, 2005ರಿಂದ ಈಚಿನದು ಪುಕ್ಕಟೆ ಸಿಗುತ್ತದೆ. ಎಲ್ಲಿ ತುಕ್ಕು ಅಂತ ಬರೆದಿದ್ದರು, ಮರುವರ್ಷ ಅದು ರಿಪೇರಿ ಆಯಿತಾ ಇಲ್ವಾ, ಮೈಲಿ ಎಷ್ಟೆಷ್ಟು ಓಡಿದೆ, ಎಲ್ಲ ಅದರಲ್ಲಿದೆ. ಕಾರು ಕಾರ್ಖಾನೆಯಿಂದ ಯಾವ ಬಣ್ಣದಲ್ಲಿ, ಯಾವ ಇಂಜಿನ್ ನಂಬರಿನೊಂದಿಗೆ ಹೊರಬಂತು ಅಂತ ತಿಳಿಯಬೇಕಿದ್ದರೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಬಹುದು. ನಿಮಗೆ ಗೇಡನ್ ಹತ್ತಿರವೇ.

ವಿಮೆ ಮಾಡಿಸುವಾಗ ಕಾರಿನ ಬೆಲೆಯನ್ನು ಮೊದಲೇ ಒಪ್ಪಿ ಬರೆಸಿಕೊಳ್ಳಿ.

ಮೈಸೂರು ಟು ಕೊವೆಂಟ್ರಿ

ಎರಡನ್ನೂ ನೋಡಿ ಬಂದೆ. ಹೊಳೆಯುವ ಕಾರಿನ ಸಿಲ್ ಮೇಲೆ ಅಯಸ್ಕಾಂತ ಒಂದು ಮೊಳದುದ್ದ ಎಲ್ಲೂ ಅಂಟಲಿಲ್ಲ. ಬಾಗಿಲು ಮುಚ್ಚಲು ಎತ್ತಿ ತಳ್ಳಬೇಕಿತ್ತು. ಎಂಒಟಿ ದಾಖಲೆಯಲ್ಲಿ 2014ರಲ್ಲೇ ಸಿಲ್ ಬಗ್ಗೆ ಬರೆದಿದ್ದಾರೆ. ವಂದನೆ ಹೇಳಿ ಹೊರಟೆ.

1973ರ ಕಾರಿನ ಯಜಮಾನರಿಗೆ ಎಂಬತ್ತರ ಹತ್ತಿರ. ಬೆನ್ನು ಬಾಗುವುದಿಲ್ಲ, ಇಷ್ಟು ತಗ್ಗಿನ ಕಾರಿಗೆ ಇಳಿದು ಹತ್ತುವುದು ಆಗುತ್ತಿಲ್ಲ, ಅದಕ್ಕೆ ಮಾರುತ್ತಿದ್ದಾರೆ. ಮಲ್ಲೇಶ್ವರಂ ಅಕ್ಕ ಹೇಳಿಕೊಟ್ಟ ಟ್ರನಿಯನ್ ಪ್ರಶ್ನೆ ಕೇಳಿದೆ. ಅವರು ಮಾತಾಡದೆ ಶೆಡ್ಡಿನ ಗೋಡೆಯಿಂದ ಒಂದು ಗ್ರೀಸ್ ಗನ್ ತೆಗೆದು ಕೈಗೆ ಕೊಟ್ಟರು. ಅದರ ಮೇಲೆ ಬಿಳಿ ಬಣ್ಣದಲ್ಲಿ "ಟ್ರನಿಯನ್, ಆಯಿಲ್ ಮಾತ್ರ" ಅಂತ ಬರೆದಿತ್ತು. ಪಕ್ಕದಲ್ಲಿ ಒಂದು ನೋಟ್‌ಬುಕ್, 31 ವರ್ಷದಲ್ಲಿ ಯಾವ ದಿನ ಏನು ಮಾಡಿದರು ಅಂತ ಪೂರ್ತಿ ಲೆಕ್ಕ. ಪುಲ್ಲಿ ಅಲುಗಲಿಲ್ಲ. ಬಾಗಿಲ ಸಂದು ಗೆರೆ ಎಳೆದ ಹಾಗಿದೆ. 8,200ಕ್ಕೆ ಒಪ್ಪಿದರು. ಆ ಗನ್ ಕೂಡ ನನಗೇ ಕೊಟ್ಟರು.

ಈಗ ಮಾಡಬೇಕಾದ್ದು: ಬಟ್ಟೆಯ ಟಾಪ್ ಹರಿದಿದೆ, ಒಂದು ಕಾರ್ಬ್ಯುರೇಟರ್ ಸೋರುತ್ತದೆ, ಸೀಟಿನ ಒಳಗಿನ ಸ್ಪಂಜು ಪುಡಿಯಾಗಿದೆ. ಯಾವುದರಿಂದ ಶುರು ಮಾಡಲಿ?

ಡರ್ಬಿ ಕನ್ನಡಿಗ

ಬಹಳ ಖುಷಿಯಾಯಿತು! ಸೋರುವುದನ್ನು ಮೊದಲು ನಿಲ್ಲಿಸಿ, ಬಿಸಿ ಎಗ್ಸಾಸ್ಟ್ ಪಕ್ಕದಲ್ಲೇ ಇದೆ. ಟ್ಯಾಂಕಿನಿಂದ ಕಾರ್ಬ್ಯುರೇಟರ್ ತನಕ ರಬ್ಬರ್ ಪೈಪು ಪೂರ್ತಿ ಬದಲಿಸಿ, ಎಥನಾಲ್ ತಡೆಯುವಂಥದ್ದು ಕೇಳಿ ತನ್ನಿ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಮಾಮೂಲಿ ಪೆಟ್ರೋಲಿನಲ್ಲಿ 10 ಶೇಕಡದ ತನಕ ಎಥನಾಲ್ ಇರುತ್ತದೆ, ಹಳೇ ರಬ್ಬರ್ ಅದಕ್ಕೆ ಬಿರಿಯುತ್ತದೆ. ನೀವು ಸೂಪರ್ ಪೆಟ್ರೋಲನ್ನೇ ಹಾಕಿ, ಅದರಲ್ಲಿ 5ಕ್ಕಿಂತ ಜಾಸ್ತಿ ಇರುವುದಿಲ್ಲ. ಆಮೇಲೆ ಬ್ರೇಕ್ ಪೈಪು, ಬ್ರೇಕ್ ಆಯಿಲ್. ಟೈರಿನ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ, ಹತ್ತು ವರ್ಷ ದಾಟಿದ್ದರೆ ಟೈರಿನ ಗೀರು ಎಷ್ಟೇ ಆಳವಿದ್ದರೂ ಬದಲಿಸಿ. ಸೀಟು ಚಳಿಗಾಲಕ್ಕೆ. ಟಾಪ್ ಕೊನೆಗೆ. ಬಣ್ಣಕ್ಕೆ ಕೈ ಹಚ್ಚಬೇಡಿ.

ಇನ್ನು ಓಡಿಸುವ ವಿಷಯ. ಹಳೇ ಸ್ಪಿಟ್‌ಫೈರ್‌ಗಳಲ್ಲಿ ತಿರುವಿನ ನಡುವೆ ಗಾಬರಿಯಾಗಿ ಕಾಲು ತೆಗೆದರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಹಿಂಭಾಗ ಜಾರುತ್ತಿತ್ತು. ಮಾರ್ಕ್ 4ರಲ್ಲಿ ಲೀಫ್ ಸ್ಪ್ರಿಂಗಿನ ಎಲೆಗಳು ನಡುವೆ ತೂಗುವ ಹಾಗೆ ಬದಲಾಯಿಸಿದ್ದರಿಂದ ಆ ಕಾಟ ಬಹಳ ಮಟ್ಟಿಗೆ ತಪ್ಪಿತು. ಆದರೂ ತಿರುವಿಗೆ ಮೊದಲೇ ವೇಗ ಇಳಿಸಿ, ಒಳಗೆ ಹೋದ ಮೇಲೆ ಸಣ್ಣಗೆ ಆಕ್ಸಿಲರೇಟರ್ ಹಿಡಿದಿರಿ. ಗಂಟೆಗೆ 45 ಮೈಲಿಯಲ್ಲಿ, ಟಾಪ್ ಇಳಿಸಿ, ಬೇಲಿಗಳ ನಡುವಿನ ಸಣ್ಣ ರಸ್ತೆಯಲ್ಲಿ ಹೋಗುವಾಗ ನೆಲ ಕೈಗೆ ಸಿಗುವ ಹಾಗಿರುತ್ತದೆ. ಹೊಸ ಕಾರಿನಲ್ಲಿ 90ಕ್ಕೆ ಹೋದರೂ ಆ ಸುಖ ನನಗೆ ಸಿಕ್ಕಿಲ್ಲ.

ಮಲ್ಲೇಶ್ವರಂ ಹೆರಾಲ್ಡ್

ಆ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಉಳಿದಿದ್ದರೆ ಹೊಸ ಪುಸ್ತಕ ತರಬೇಡ, ಅದರಲ್ಲೇ ಮುಂದುವರಿಸಿ ಬರಿ ತಮ್ಮಾ.

ಮೈಸೂರು ಟು ಕೊವೆಂಟ್ರಿ

ಬರೆಯುತ್ತಿದ್ದೇನೆ ಅಕ್ಕಾ. ಹನ್ನೊಂದು ಹಾಳೆ ಖಾಲಿ ಇದೆ.

ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎರಡೂ ಮುಗಿಯಿತು. ಕಾರ್ಬ್ಯುರೇಟರ್ ಬಿಚ್ಚುವಾಗ ಮೈಸೂರಿಗೆ ವಿಡಿಯೋ ಕಾಲ್ ಮಾಡಿದ್ದೆ. ಅಪ್ಪ ನೋಡಿ ಮೊದಲು ಹೇಳಿದ್ದು, "ಟೈರಿನ ಮೇಲೆ ಗೋಣಿಚೀಲ ಹಾಕ್ಕೊಂಡು ಕೂತ್ಕೋ, ನಿಮ್ಮ ತಾತ ಹಾಗೇ ಮಾಡ್ತಿದ್ದರು." ಇಲ್ಲಿ ಗೋಣಿಚೀಲ ಸಿಗಲಿಲ್ಲ, ಹಳೇ ಟವೆಲ್ ಹಾಕಿಕೊಂಡೆ. ಸೆಲ್ಫ್ ಹೊಡೆದಾಗ ಅಮ್ಮ ಅಡುಗೆಮನೆಯಿಂದ ಓಡಿ ಬಂದು ಫೋನ್ ಕಿವಿಗೆ ಹಿಡಿದುಕೊಂಡರು.

ನಾಳೆ ಮನೆಯವಳನ್ನು ಕೂರಿಸಿಕೊಂಡು ಹೊರಡೋಣ ಅಂತಿದ್ದೆ. ರಾತ್ರಿ ಹಿಮ ಬಿದ್ದಿದೆ. ಕಾಯಬೇಕಾ?

ಡರ್ಬಿ ಕನ್ನಡಿಗ

ಕಾಯಿರಿ. ರಸ್ತೆಗೆ ಉಪ್ಪು ಹಾಕಿರುತ್ತಾರೆ. ಆ ಉಪ್ಪುನೀರು ಒಂದು ಸಲ ಸಿಲ್ ಒಳಗೆ ಹೋದರೆ ಆ ಹಿರಿಯರ 31 ವರ್ಷದ ಶ್ರಮ ಹೋಗುತ್ತದೆ. ಎರಡು ಮೂರು ದಿನ ಚೆನ್ನಾಗಿ ಮಳೆ ಹೊಡೆದು ರಸ್ತೆ ತೊಳೆದ ಮೇಲೆ ಹೊರಗೆ ತೆಗೆಯಿರಿ. ಏಪ್ರಿಲ್‌ನಲ್ಲಿ ಬಕ್ಸ್‌ಟನ್ ಕಡೆ ಬನ್ನಿ, ನನ್ನ ಮಾರ್ಕ್ 3 ತರುತ್ತೇನೆ. ಮನೆಯವರಿಗೆ ಕಿವಿ ಮುಚ್ಚುವ ಟೋಪಿ ಇರಲಿ.