ಕಲಬುರಗಿಯಿಂದ ಬೀದರಿಗೆ ವಿಮಾನದಲ್ಲಿ 37 ನಿಮಿಷ: ಈ ಲೆಕ್ಕ ಯಾರದು?

ಕಮಲಾಪುರದ ಅಪ್ಪ
ನಮಸ್ಕಾರ ರೀ. ಎರಡು ವಿಮಾನ ನಿಲ್ದಾಣ ಆರಿಸಿ, ನಡುವಿನ ದೂರ, ಹಾರೋ ಹೊತ್ತು ಬರೆದುಕೊಂಡು ಬನ್ನಿ ಅಂತ ಮಗಳ ಶಾಲೆಯಲ್ಲಿ ಹೇಳಿದ್ದಾರೆ. ಒಂಬತ್ತನೇ ಕ್ಲಾಸು. ಉಳಿದವರೆಲ್ಲ ದೆಹಲಿ, ದುಬೈ ಬರೆದರೆ ಇವಳು ಹಟ ಹಿಡಿದು ಕಲಬುರಗಿ–ಬೀದರ್ ಬರೆದಿದ್ದಾಳೆ. ಮೊಬೈಲಲ್ಲಿ ಹುಡುಕಿದರೆ 87 ಕಿ.ಮೀ., 37 ನಿಮಿಷ ಅಂತ ಬಂತು. ನೇರ ವಿಮಾನವೇ ಇಲ್ಲ, ಹೊತ್ತು ಯಾರು ಅಳೆದರು? ಅಲ್ಲೇ ಬೆಂಗಳೂರಿಗೆ 464 ಕಿ.ಮೀ., 65 ನಿಮಿಷ. ಐದು ಪಟ್ಟು ದೂರಕ್ಕೆ ಎರಡು ಪಟ್ಟು ಹೊತ್ತೂ ಇಲ್ಲ! ನನ್ನದು ಬಾಳೆಹಣ್ಣಿನ ವ್ಯಾಪಾರ, ಲೆಕ್ಕ ಕೂಡದಿದ್ದರೆ ನಿದ್ದೆ ಬರಲ್ಲ.

ವಿಮಾನದ ಹುಚ್ಚ, ಸೇಡಂ
ಯಾರೂ ಅಳೆದಿಲ್ಲ ಅಣ್ಣಾ. ಗಂಟೆಗೆ ಸುಮಾರು 800 ಕಿ.ಮೀ. ಅಂತ ಹಿಡಿದು ದೂರವನ್ನು ಭಾಗಿಸುತ್ತಾರೆ. ಏರೋದಕ್ಕೆ, ಇಳಿಯೋದಕ್ಕೆ ಅಂತ 30 ನಿಮಿಷ ಕಣ್ಣು ಮುಚ್ಚಿ ಸೇರಿಸುತ್ತಾರೆ. ಬೀದರಿಗೆ ಆರೂವರೆ, ಬೆಂಗಳೂರಿಗೆ ಮೂವತ್ತೈದು. ಅದಕ್ಕೆ 30 ಕೂಡಿಸಿ ನೋಡಿ, ನಿಮ್ಮ ಲೆಕ್ಕ ಕೂಡುತ್ತೆ.

ಬೆಂಗಳೂರಿನದು ಜೆಟ್‌ಗೆ ಪರವಾಗಿಲ್ಲ. ಬೀದರಿನದು ತಮಾಷೆ. 30,000 ಅಡಿಯಿಂದ ಇಳಿದು ಬರೋದಕ್ಕೇ ಜೆಟ್‌ಗೆ ಸುಮಾರು 160 ಕಿ.ಮೀ. ಬೇಕು. ಇಲ್ಲಿ ಇಡೀ ದಾರಿಯೇ 87! ಅಷ್ಟು ಮೇಲೆ ಏರೋದೇ ಇಲ್ಲ, ಆ ವೇಗವೂ ಬರಲ್ಲ. ಆದರೂ ರನ್‌ವೇ ಮೇಲಿನ ಓಡಾಟ ಸೇರಿಸಿದರೆ 37ರ ಹತ್ತಿರವೇ ಆಗಬಹುದು. ತಪ್ಪು ಬಸ್ ಹತ್ತಿ ಸರಿಯಾದ ಊರಲ್ಲಿ ಇಳಿದ ಹಾಗೆ.

ಲೆಕ್ಕದ ಟೀಚರ್, ಹುಮನಾಬಾದ್
ದೂರವನ್ನು ಅವಳೇ ತೆಗೆಯಲಿ ಸರ್, ಕಷ್ಟವೇನಿಲ್ಲ. ಕಲಬುರಗಿ ನಿಲ್ದಾಣ 17.31 ಉತ್ತರ, 76.96 ಪೂರ್ವ. ಬೀದರ್ 17.91, 77.49. ಅಕ್ಷಾಂಶದ ವ್ಯತ್ಯಾಸ 0.60, ಅದನ್ನು 111ರಿಂದ ಗುಣಿಸಿದರೆ 66.6 ಕಿ.ಮೀ. ರೇಖಾಂಶದ್ದು 0.53. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 106 ಕಿ.ಮೀ. ಮಾತ್ರ, ಹಾಗಾಗಿ 56.2. ಮುಂದಿನದು ಪೈಥಾಗೊರಸ್. ಉತ್ತರ ಹೇಳಲ್ಲ.

ಬೀದರಿನ ಕಾಕಾ
87 ಅಂದರೆ ಕಾಗೆ ಹಾರೋ ದೂರ. ನಮ್ಮ ರನ್‌ವೇ ವಾಯುಪಡೆಯದು, ತರಬೇತಿ ವಿಮಾನಗಳು ಹಾರ್ತಾ ಇರ್ತವೆ. ಅವರ ಒಪ್ಪಿಗೆ ಸಿಗದೆ ಇಳಿಯೋ ಹಾಗಿಲ್ಲ. ಪ್ರಯಾಣಿಕರ ವಿಮಾನ ಬಂದಿದ್ದೇ 2020ರ ಫೆಬ್ರವರಿಯಲ್ಲಿ, ನಿಮ್ಮ ಕಲಬುರಗಿಯದಕ್ಕಿಂತ ಮೂರು ತಿಂಗಳಿಗೂ ಕಡಿಮೆ ಹಿಂದೆ ಬಿದ್ದು. ಅಲ್ಲಾ ತಮ್ಮಾ, ಕಮಲಾಪುರದವನು ನೀನು. ವಿಮಾನ ಹತ್ತೋಕೆ ಬೀದರಿಗೆ ಬೆನ್ನು ಹಾಕಿ, ಕಲಬುರಗಿ ನಿಲ್ದಾಣ ಇರೋ ಶ್ರೀನಿವಾಸ ಸರಡಗಿವರೆಗೆ ಹೋಗ್ತೀಯಾ? 2017ರಿಂದ ನಿಮ್ಮೂರಲ್ಲೇ ರೈಲು ನಿಲ್ಲುತ್ತಲ್ಲ.

ಕಮಲಾಪುರದ ಅಪ್ಪ
ಹತ್ತೋದು ಯಾರು ಕಾಕಾ, ಸುಮ್ನೆ ನೋಟ್‌ಬುಕ್ಕಿಗೆ! ಟೀಚರಮ್ಮಾ, 87.1 ಬಂತು. ಹೊತ್ತಿನ ಮುಂದೆ 'ಅಂದಾಜು' ಅಂತ ಬರೆಸಿದೆ. ಈಗ ಮನೆಯಿಂದ ಶಾಲೆಗೆ ಅದೇ ಲೆಕ್ಕ ಹಾಕುತ್ತಾ ಕೂತಿದ್ದಾಳೆ. ಶಾಲೆ ಹಿಂದಿನ ಬೀದಿಯಲ್ಲೇ ಇದೆ. ಎರಡು ದಶಮಾಂಶ ಹಿಡಿದರೆ ದೂರ ಸೊನ್ನೆ ಬರುತ್ತಂತೆ.